ನೀಲಕ್ಕನ ಕಾರಿನಲ್ಲಿ ಐರ್ಲೆಂಡ್

ಎರಡು ಸಾವಿರನೇ ಇಸವಿಯ ಸೆಪ್ಟೆಂಬರಿನಲ್ಲಿ, ಐರ್ಲೆಂಡ್ ಒಂದಾಗಬೇಕೋ ಎರಡಾಗಿಯೇ ಇರಬೇಕೋ ಎಂಬ ಪ್ರಶ್ನೆ ಲಂಡನ್ನಿನಲ್ಲಿ, ಡಬ್ಲಿನ್ನಿನಲ್ಲಿ ಯಾರ ಯಾರ ನಿದ್ದೆ ಕೆಡಿಸಿತ್ತೋ ಏನೋ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮಾತ್ರ ಅದು ನೀಲಕ್ಕನ ಅನಾಟಮಿ ಕ್ಲಾಸಿಗೆ ಕಲ್ಲು ಹಾಕಲು ಹೊರಟಿತ್ತು.

ನೀಲಕ್ಕ ಎಂದರೆ ನೀಲಾಂಬಿಕಾ. ಬೆಳಗಾವಿಯ ಶಹಾಪುರದವಳು. ವಯಸ್ಸು ನಲವತ್ತೊಂದು, ಎತ್ತರ ಐದಡಿಗೆ ಒಂದು ಬೆರಳು ಕಡಿಮೆ, ದನಿ ಮಾತ್ರ ಆರಡಿಗೂ ಮೇಲೆ. ಕೇಟಿಯ ಕನ್ನಡದ ಮಕ್ಕಳಿಗೆಲ್ಲ ಅವಳು ಆಂಟಿ, ಆ ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಅಕ್ಕ. ಯಾರ ಮನೆಯಲ್ಲಿ ಹಾಲು ಉಕ್ಕಿದರೂ, ಯಾರ ಮಗು ಬಿದ್ದು ಮೊಣಕಾಲು ತರಚಿಕೊಂಡರೂ ಮೊದಲ ಫೋನು ಅವಳಿಗೆ. ಮೊಣಕಾಲಿಗೆ ಬ್ಯಾಂಡೇಜ್ ಹಚ್ಚುತ್ತ ಹಚ್ಚುತ್ತಲೇ, ಹದಿನೈದು ವರ್ಷ ಅಡುಗೆಮನೆಯಲ್ಲಿ ಕಳೆದ ಮೇಲೆ, ಒಂದು ಬೆಳಿಗ್ಗೆ ರೊಟ್ಟಿ ತಟ್ಟುವಾಗ ಅವಳಿಗೆ ಹೊಳೆಯಿತು: ತಾನು ನರ್ಸ್ ಆಗಬೇಕು. ಗಂಡನಿಗೆ ಹೇಳಿದಳು. ಅವನು ಪೇಪರಿನಿಂದ ತಲೆ ಎತ್ತದೆ "ಆಗು" ಎಂದ. ಯಾರು ಏನು ಕೇಳಿದರೂ ಅವನು ಹಾಗೇ ಅನ್ನುವವನು ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಅವನ ಮಾತನ್ನು ಅಲ್ಲೇ ಗಟ್ಟಿಯಾಗಿ ಹಿಡಿದುಕೊಂಡಳು.

ನರ್ಸಿಂಗಿಗೆ ಸೀಟು ಬೇಕಾದರೆ ಮೊದಲು ಅನಾಟಮಿ ಪಾಸಾಗಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಪ್ರತಿ ಸೋಮವಾರ ಸಂಜೆ ಆರೂವರೆಗೆ ಕ್ಲಾಸು. ಪಾಠ ಹೇಳುವ ಮೇಡಂ ಸೈನ್ಯದಲ್ಲಿ ನರ್ಸ್ ಆಗಿದ್ದವಳು, ಮೊದಲ ದಿನವೇ ಘೋಷಿಸಿಬಿಟ್ಟಿದ್ದಳು: ಒಂದು ಕ್ಲಾಸು ತಪ್ಪಿಸಿದರೆ ಕ್ಷಮೆ, ಎರಡನೆಯದಕ್ಕೆ ಹೆಸರು ಹೊಡೆದುಹಾಕುವುದು, ಆಮೇಲೆ ಅತ್ತು ಕರೆದರೆ ಮುಂದಿನ ವರ್ಷ. ನೀಲಕ್ಕನಿಗೆ ಈ ಮೇಡಂ ತುಂಬ ಹಿಡಿಸಿದ್ದಳು. ಮುಂದಿನ ವರ್ಷ ಮಾತ್ರ ಹಿಡಿಸಿರಲಿಲ್ಲ, ನಲವತ್ತೊಂದಕ್ಕೆ ಮುಂದಿನ ವರ್ಷ ಎಂದರೆ ನಲವತ್ತೆರಡು ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಇನ್ನು ಕಾರು. ಮನೆಗೆ ಇದ್ದದ್ದು ಒಂದೇ ಕಾರು, ಅದು ಹಗಲೆಲ್ಲ ಗಂಡ ಮಹಾಂತಪ್ಪನ ಆಫೀಸಿನ ಮುಂದೆ ನಿಂತಿರುತ್ತಿತ್ತು. ಮಹಾಂತಪ್ಪ ಪೈಪುಗಳ ಇಂಜಿನಿಯರ್. ಯಾವ ಪೈಪು ಎಷ್ಟು ಒತ್ತಡ ತಡೆದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ಮನುಷ್ಯರು ಎಷ್ಟು ತಡೆದಾರು ಎಂಬ ಲೆಕ್ಕ ಮಾತ್ರ ಅವನಿಗೆ ಒಮ್ಮೆಯೂ ಸರಿಹೋಗಿರಲಿಲ್ಲ. ಐದಕ್ಕೆ ಆಫೀಸು ಬಿಡುತ್ತದೆ. ಐ-ಟೆನ್ ಹೆದ್ದಾರಿಯಲ್ಲಿ ಆ ಹೊತ್ತಿಗೆ ಹೊರಟವರು ಏಳಕ್ಕೆ ಮನೆ ಸೇರಿದರೆ ಪುಣ್ಯವಂತರು. ಆದರೆ ಅದೇ ಹೆದ್ದಾರಿಯ ನಡುವೆ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದ ಒಂದು ಒಂಟಿ ಲೇನು ಇತ್ತು. ಗದ್ದಲದ ಹೊತ್ತಿನಲ್ಲಿ ಕಾರೊಳಗೆ ಮೂರು ತಲೆ ಇದ್ದವರಿಗೆ ಮಾತ್ರ ಅದರಲ್ಲಿ ಪ್ರವೇಶ. ಮೂರು ತಲೆ ಇದ್ದರೆ ಮಹಾಂತಪ್ಪ ಆರಕ್ಕೆ ಮೊದಲೇ ಮನೆಯಲ್ಲಿ, ಎರಡೇ ಇದ್ದರೆ ಏಳರ ಮೇಲೆ.

ಆ ಮೂರು ತಲೆಗಳಲ್ಲಿ ಒಂದು ಮಹಾಂತಪ್ಪನದು, ಇನ್ನೆರಡು ಐರ್ಲೆಂಡಿನವು.

ಡೆಕ್ಲನ್ ಮತ್ತು ಟ್ರೆವರ್. ಇಬ್ಬರೂ ಅವನ ಆಫೀಸಿನವರೇ, ಇಬ್ಬರೂ ಕೇಟಿಯ ಅದೇ ಬಡಾವಣೆಯವರೇ, ಅಷ್ಟು ಸಾಲದೆಂಬಂತೆ ಇಬ್ಬರೂ ಹುಟ್ಟಿದ್ದು ಉತ್ತರ ಐರ್ಲೆಂಡಿನ ಒಂದೇ ಊರಿನಲ್ಲಿ. ನಡುವೆ ನದಿ. ಪಡುವಣ ದಂಡೆಯ ಕ್ಯಾಥೊಲಿಕ್ ಕೇರಿಯವನು ಡೆಕ್ಲನ್, ಮೂಡಣ ದಂಡೆಯ ಪ್ರಾಟೆಸ್ಟೆಂಟ್ ಕೇರಿಯವನು ಟ್ರೆವರ್. ಒಬ್ಬನಿಗೆ ಇಡೀ ದ್ವೀಪ ಒಂದು ದೇಶವಾಗಬೇಕು, ಇನ್ನೊಬ್ಬನಿಗೆ ತಾನಿದ್ದ ತುಂಡು ಬ್ರಿಟನ್ನಿನ ಜೊತೆಗೇ ಇರಬೇಕು. ಊರಿನಲ್ಲಿದ್ದಿದ್ದರೆ ಸೇತುವೆ ದಾಟಿ ಹಲೋ ಅನ್ನದವರು ಟೆಕ್ಸಸ್ಸಿಗೆ ಬಂದು, ಲೇನಿನ ಆಸೆಗೆ, ಮಹಾಂತಪ್ಪನ ಕ್ಯಾಮ್ರಿಯಲ್ಲಿ ನಾಲ್ಕು ವರ್ಷದಿಂದ ಹೋಗಿ ಬರುತ್ತಿದ್ದರು. ಡೆಕ್ಲನ್ನನ ಬಳಿ ಒಂದು ಹಳೇ ಪಿಕಪ್ ಇತ್ತು, ಟ್ರೆವರ್‌ಗೆ ಕಣ್ಣಿನ ತೊಂದರೆಯಿಂದ ಲೈಸೆನ್ಸೇ ಇರಲಿಲ್ಲ. ಟ್ರೆವರ್ ಮುಂದಿನ ಸೀಟು, ಡೆಕ್ಲನ್ ಹಿಂದಿನದು.

ಇಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ. ಆದರೆ ಜಗಳ ಯಾವ ಭಾಷೆಯದಾದರೂ ನೀಲಕ್ಕನ ಕಿವಿಗೆ ಬಿದ್ದ ಕ್ಷಣ ಅದು ಶಹಾಪುರದ ಕನ್ನಡವಾಗಿಬಿಡುತ್ತಿತ್ತು, ಬೇರೆಯವರಿಗೆ ಹೇಳುವಾಗಲೂ ಅವಳು ಹಾಗೇ ಹೇಳುತ್ತಿದ್ದಳು. ಕೇಟಿಯ ಅರ್ಧ ಜನ ಆ ಇಬ್ಬರಿಗೂ ಕನ್ನಡ ಬರುತ್ತದೆ ಎಂದೇ ನಂಬಿದ್ದರು.

"ಸುತ್ತಲೂ ಸಮುದ್ರ ಇಟ್ಟು ದೇವರೇ ಗಡಿ ಹಾಕ್ಯಾನ," ಎನ್ನುತ್ತಿದ್ದ ಡೆಕ್ಲನ್, "ನಡುವ ಮತ್ತೊಂದು ಗೆರಿ ಎಳೀಲಿಕ್ಕೆ ಇವರ್ಯಾರಪಾ?"

"ಗೆರಿ ಎಳದ ಮ್ಯಾಲ ನಾ ಹುಟ್ಟೀನಿ," ಎನ್ನುತ್ತಿದ್ದ ಟ್ರೆವರ್, "ನಮ್ಮಜ್ಜ ಮುತ್ತಜ್ಜ ಎಲ್ಲಾರೂ ಅಲ್ಲೇ ಮಣ್ಣಾಗ್ಯಾರ. ಈಗ ಆ ಮನಿ ನನ್ನದಲ್ಲ ಅಂತೀಯೇನು?"

"ಮನಿ ನಿಂದ, ಯಾರಲ್ಲ ಅಂದ್ರು? ಮನಿಗೆ ಅಂಗಳ ಕೂಡಿಸು ಅಂತೀನಿ."

"ಅಂಗಳ ಬಂದ್ರ ನಾ ನನ್ನ ಮನ್ಯಾಗ ಬಾಡಿಗಿದಾರ ಆಗ್ತೀನಿ!"

ಗಡಿಯ ಜಗಳವೆಂದರೆ ಮಹಾಂತಪ್ಪನಿಗೆ ತವರಿನ ಸುದ್ದಿ ಕೇಳಿದ ಖುಷಿ. ಅವನೂ ಬೆಳಗಾವಿಯವನೇ, ಊರು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ವಾದದ ನಡುವೆಯೇ ಮೀಸೆ ಮೂಡಿಸಿಕೊಂಡವನು. ಒಮ್ಮೆ ಅವನು ಸ್ಟಿಯರಿಂಗ್ ತಟ್ಟಿ, "ಇಷ್ಟ್ಯಾಕ ಜಗಳಾಡ್ತೀರಿ? ನಮ್ಮ ಕಡೆ ಮಾಡಿಧಂಗ ಒಂದು ಕಮಿಷನ್ ಮಾಡ್ರಿ, ಯಾವ ಹಳ್ಳಿ ಯಾರಿಗೆ ಅಂತ ಅವರೇ ಹೇಳ್ತಾರ" ಎಂದ.

"ನಾವೂ ಮಾಡಿದ್ವಿ!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು. ಇಪ್ಪತ್ತರ ದಶಕದಲ್ಲಿ ಅವರದ್ದೂ ಒಂದು ಗಡಿ ಕಮಿಷನ್ ಕೂತು, ಎದ್ದು, ವರದಿಯನ್ನು ಮೂಲೆಗೆ ಎಸೆದು, ಗೆರೆ ಎಲ್ಲಿತ್ತೋ ಅಲ್ಲೇ ಉಳಿದಿತ್ತಂತೆ. "ಹಂಗಾರ ಥೇಟ್ ನಮ್ಮಂಗ" ಎಂದು ಮಹಾಂತಪ್ಪ ಸಂತೋಷಪಟ್ಟ. ಐರ್ಲೆಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹೀಗೆ ನಾಲ್ಕು ವರ್ಷ ಕಾರು ನಡೆದಿತ್ತು, ನೀಲಕ್ಕನ ಸೋಮವಾರಗಳೂ ನಡೆಯುತ್ತಿದ್ದವು.

ಆಮೇಲೆ ಲಂಡನ್ನಿನ ಸುದ್ದಿ ಬಂತು.

ಅಲ್ಲಿ ಶಾಂತಿ ಒಪ್ಪಂದವಾಗಿ ಎರಡು ವರ್ಷ ಕಳೆದಿತ್ತು. ಒಪ್ಪಂದ ಒಪ್ಪದ ಒಂದಿಷ್ಟು ಜನ ಮಾತ್ರ ಮತ್ತೆ ಅಲ್ಲಲ್ಲಿ ಬಾಂಬು ಇಡಲು ಶುರುಮಾಡಿದ್ದರು. ಆ ಸೆಪ್ಟೆಂಬರಿನಲ್ಲಿ ಲಂಡನ್ನಿನ ಗುಪ್ತಚರ ಕಚೇರಿಗೇ ಯಾರೋ ಸಣ್ಣ ರಾಕೆಟ್ ಹಾರಿಸಿದರು. ಯಾರಿಗೂ ಗಾಯವಾಗಲಿಲ್ಲ. ಗಾಯವಾದದ್ದು ಮರುದಿನ ಸಂಜೆ, ಐ-ಟೆನ್ನಿನ ಗೋಡೆಗಳ ನಡುವೆ.

ಟ್ರೆವರ್ ಹಿಂದೆ ತಿರುಗದೆ, ಗಾಜಿನಾಚೆ ನೋಡುತ್ತ ಹೇಳಿದ. "ನಿನ್ನ ಮಂದಿ ಮತ್ತ ಶುರು ಹಚ್ಕೊಂಡ್ರು ನೋಡು."

ಹಿಂದಿನ ಸೀಟಿನಿಂದ ಡೆಕ್ಲನ್ ಮುಂದಕ್ಕೆ ಬಾಗಿದ.

"ನನ್ನ ಮಂದಿ?" ಎಂದ ಡೆಕ್ಲನ್. "ಒಪ್ಪಂದಕ್ಕ ಓಟು ಹಾಕು ಅಂತ ನಮ್ಮವ್ವಗ ಇಲ್ಲಿಂದ ಫೋನ್ ಮಾಡಿ ಹೇಳಿದಾಂವ ನಾನು. ಬ್ಯಾಸಗ್ಯಾಗ ನಿಮ್ಮ ಕಡೆಯವರು ತಮ್ಮ ತಮ್ಮೊಳಗ ಗುಂಡು ಹಾರಿಸಿಕೊಂಡಾಗ ನಾ ನಿನ್ನ ಮಂದಿ ಅಂದೆನೇನು?"

"ಅವರು ನನ್ನ ಮಂದಿ ಅಲ್ಲ!"

"ಇವರು ನನ್ನ ಮಂದಿ ಹ್ಯಾಂಗ ಆದ್ರು ಹಂಗಾರ?"

ಇಲ್ಲಿ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತೋ ಏನೋ. ಮಹಾಂತಪ್ಪ ಪಂಚಾಯಿತಿಗೆ ಇಳಿದ. "ನೋಡ್ರಪಾ, ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪೈತಿ" ಎಂದ. ಬೆಳಗಾವಿಯ ಕಟ್ಟೆಯಲ್ಲಿ ಈ ಮಾತಿಗೆ ಎಲ್ಲರೂ ತಲೆದೂಗಿ ಚಹಾ ತರಿಸುತ್ತಾರೆ. ಇಲ್ಲಿ ಡೆಕ್ಲನ್ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಎರಡೂ ಕಡೆ ಗೋಡೆ, ಇಳಿದು ಹೋಗುವುದೆಲ್ಲಿಗೆ? ಕೈ ಹಿಡಿಕೆಯ ಮೇಲೇ ಇಟ್ಟುಕೊಂಡು ಹತ್ತು ಮೈಲಿ ಕೂತ. ಆಡಿಕ್ಸ್ ಹತ್ತಿರ ಗೋಡೆ ಮುಗಿದು ಕಾರು ಹೊರಗೆ ಬಂದದ್ದೇ ತಡ, "ನಿಲ್ಲಸು" ಎಂದು ಇಳಿದು, ಒಂದು ಪೆಟ್ರೋಲ್ ಬಂಕಿನ ನೆರಳಿನಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ. ಮರುದಿನದಿಂದ ತನ್ನ ಹಳೇ ಪಿಕಪ್ಪಿನಲ್ಲಿ ಒಬ್ಬನೇ ಆಫೀಸಿಗೆ ಹೋಗತೊಡಗಿದ. ಕ್ಯಾಮ್ರಿಯಲ್ಲಿ ಎರಡು ತಲೆ ಉಳಿದವು.

ಮುಂದಿನ ಸೋಮವಾರ ಮಹಾಂತಪ್ಪ ಮನೆ ಮುಟ್ಟಿದಾಗ ಏಳೂ ಕಾಲು. ನೀಲಕ್ಕ ಪುಸ್ತಕದ ಚೀಲ ಎದೆಗವಚಿಕೊಂಡು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ ಇದು? ಯಾರೋ ಲಂಡನ್ನಿನ್ಯಾಗ ರಾಕೆಟ್ ಬಿಟ್ರ ನನ್ನ ಎಲುಬಿನ ಪಾಠ ಹೋಗಬೇಕೇನು?"

"ನಾ ಏನ್ ಮಾಡ್ಲಿ ನೀಲಾ? ಅವರದು ಎಂಟುನೂರು ವರ್ಷದ ಜಗಳ."

"ಎಂಟುನೂರು ವರ್ಷ ತಡದೋರು ಡಿಸೆಂಬರ್ ತನಕ ತಡೀಲಿಕ್ಕಾಗಲಿಲ್ಲೇನು? ಡಿಸೆಂಬರಿಗೆ ನನ್ನ ಪರೀಕ್ಷಾ ಮುಗೀತೈತಿ, ಆಮ್ಯಾಲ ಬೇಕಾದ್ರ ಬಡದಾಡ್ಲಿ!"

ಅಂದು ರಾತ್ರಿ ಊಟಕ್ಕೆ ಮಹಾಂತಪ್ಪನಿಗೆ ಸಿಕ್ಕಿದ್ದು ಬೆಳಗಿನ ಉಪ್ಪಿಟ್ಟು. ಮೇಡಂ ಕೊಡುವ ಒಂದೇ ಒಂದು ಕ್ಷಮೆ ಖರ್ಚಾಗಿಹೋಗಿತ್ತು.

ನೀಲಕ್ಕ ಫ್ರಿಸ್ಕೋದ ಗೆಳತಿ ಅಲಮೇಲುವಿಗೆ ಫೋನು ಮಾಡಿದಳು. ಅಲಮೇಲು ಬೆಂಗಳೂರಿನವಳು, ಡಲ್ಲಾಸಿನ ಟ್ರಾಫಿಕ್ಕಿನಲ್ಲಿ ಪಳಗಿದವಳು, ಅವಳ ಬಳಿ ಪ್ರತಿ ಸಮಸ್ಯೆಗೂ ಕಾನೂನಿಗೆ ಒಂದು ಗೇಣು ಹೊರಗಿನ ಪರಿಹಾರ ಇರುತ್ತಿತ್ತು.

"ಅಯ್ಯೋ ನೀಲಾ, ಅಷ್ಟೇನಾ? ದಿಂಬಿಗೆ ಕೋಟ್ ಹಾಕಿ, ಮೇಲೊಂದು ಕೌಬಾಯ್ ಟೋಪಿ ಇಟ್ಟು ಹಿಂದಿನ ಸೀಟಲ್ಲಿ ಕೂರ್ಸಿಬಿಡು ಕಣೇ. ಪೋಲೀಸ್ ನೋಡಿದ್ರೆ ಮಾವನೋರು ನಿದ್ದೆ ಮಾಡ್ತಿದಾರೆ ಅನ್ನು."

ನೀಲಕ್ಕನಿಗೆ ಐಡಿಯಾ ಎಷ್ಟು ಹಿಡಿಸಿತೆಂದರೆ ಅಂದೇ ದಿಂಬಿಗೆ ಕೋಟು ತೊಡಿಸಿ, ಟೋಪಿ ಇಟ್ಟು, ಸೋಫಾದ ಮೇಲೆ ಕೂರಿಸಿ ಟ್ರಯಲ್ ನೋಡಿದಳು. ಮಹಾಂತಪ್ಪ ಕೋಣೆಯೊಳಗೆ ಬಂದವನು "ನಮಸ್ಕಾರ್ರಿ" ಎಂದ. ಆಮೇಲೆ ಹತ್ತಿರ ಹೋಗಿ ನೋಡಿ ಬೆವರಿದ. "ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇನ್ನೂ ಬಾಕಿ ಐತಿ ಮಾರಾಯ್ತಿ! ದಿಂಬಿನ ಸಂಗಡ ಸಿಕ್ಕೊಂಡೆ ಅಂತ ಹೇಳ್ಲೇನು ಅವರಿಗೆ?"

ಹಾಗಾದರೆ ಮೂರನೇ ತಲೆ ತನ್ನದೇ ಆಗಲಿ ಎಂದಳು ನೀಲಕ್ಕ. ಮುಂದಿನ ಸೋಮವಾರ ಮಧ್ಯಾಹ್ನ, ಗ್ಯಾಲರಿಯಾ ಮಾಲಿಗೆ ಹೊರಟಿದ್ದ ಪಕ್ಕದ ಮನೆಯಾಕೆಯ ಕಾರು ಹತ್ತಿ ಗಂಡನ ಆಫೀಸಿನ ಮುಂದೆ ಇಳಿದುಕೊಂಡಳು. ಐದು ಗಂಟೆಯವರೆಗೆ ರಿಸೆಪ್ಷನ್ನಿನಲ್ಲಿ ಕೂತು ಬೆನ್ನೆಲುಬಿನ ಹೆಸರುಗಳನ್ನು ಬಾಯಿಪಾಠ ಮಾಡಿದಳು. ಮನೆಗೆ ಹೋಗಲಿಕ್ಕಾಗಿ ಮನೆಯಿಂದ ಇಪ್ಪತ್ತೈದು ಮೈಲಿ ದೂರ ಬಂದು ಕೂತ ಹೆಂಗಸು ಇಡೀ ಹ್ಯೂಸ್ಟನ್ನಿನಲ್ಲಿ ಅವಳೊಬ್ಬಳೇ ಇರಬೇಕು.

ಐದಕ್ಕೆ ಕಾರು ಹೊರಟಿತು. ಟ್ರೆವರ್ ಮುಂದೆ, ನೀಲಕ್ಕ ಹಿಂದೆ, ಡೆಕ್ಲನ್ನನ ಜಾಗದಲ್ಲಿ. ಲೇನಿನೊಳಗೆ ಕಾರು ನುಗ್ಗಿ ಓಡತೊಡಗಿತು, ಗೋಡೆಯಾಚೆ ಸಾವಿರ ಕಾರುಗಳು ಇರುವೆಯಂತೆ ತೆವಳುತ್ತಿದ್ದವು. ಮಹಾಂತಪ್ಪ ರೇಡಿಯೋ ಹಾಕಿದ, ಟ್ರೆವರ್ ಆರಿಸಿದ.

"ಯಾಕಪಾ ಟ್ರೆವರ್, ಮಾರಿ ಸಪ್ಪಗೈತಿ?" ಎಂದಳು ನೀಲಕ್ಕ.

"ಏನಿಲ್ಲ ವೈನಿ." ವೈನಿ ಎಂದರೆ ಅತ್ತಿಗೆ, ಮಹಾಂತಪ್ಪನ ಹೆಂಡತಿಯನ್ನು ಇಬ್ಬರೂ ಹಾಗೇ ಕರೆಯುವುದು. ಒಂದು ಮೈಲಿ ಓಡಿದ ಮೇಲೆ ಅವನೇ ಹೇಳಿದ. "ಈ ಊರಾಗ ನಾ ಬಾಯಿ ತೆಗದ್ರ ಸ್ಕಾಟ್ಲೆಂಡೇನು ಅಂತಾರ. ಐರ್ಲೆಂಡ್ ಅಂದ್ರ ಹಸಿರು ಟೋಪಿ ಹಾಕ್ಕೊಂಡು ಕುಣೀತೀಯೇನು ಅಂತಾರ. ನಮ್ಮೂರ ಸೇತುವಿ ಮ್ಯಾಲ ಸೈನ್ಯದವರು ಹ್ಯಾಂಗ ನಿಲ್ಲಿಸಿ ಚೀಲ ಬಿಚ್ಚಸ್ತಿದ್ರು, ನಮ್ಮಪ್ಪನ ಅಂಗಡಿ ಗಾಜು ಎಷ್ಟು ಸಲ ಒಡೀತು, ಆ ಕಡೆ ದಂಡಿ ಬೇಕರಿಯೊಳಗ ಬಿಸಿ ಬ್ರೆಡ್ ವಾಸನಿ ಹ್ಯಾಂಗ ಬರ್ತಿತ್ತು, ಇದೆಲ್ಲಾ ಗೊತ್ತಿದ್ದಾಂವ ಟೆಕ್ಸಸ್ಸಿನ್ಯಾಗ ಅವನೊಬ್ಬನ."

"ಹಂಗಾರ ಹೋಗಿ ತಪ್ಪಾತು ಅಂತ ಅಂದುಬಿಡು."

ಟ್ರೆವರ್ ಗೋಡೆಯ ಕಡೆ ನೋಡಿದ. "ಅದೊಂದು ಹೇಳಬ್ಯಾಡ್ರಿ ವೈನಿ."

ಅವಳು ಅಂದು ಕ್ಲಾಸಿಗೆ ಹದಿನೈದು ನಿಮಿಷ ಮೊದಲೇ ಮುಟ್ಟಿದಳು. ಆದರೆ ಈ ಆಟ ಇನ್ನೊಮ್ಮೆ ನಡೆಯುವಂತಿರಲಿಲ್ಲ. ಹನ್ನೊಂದು ವರ್ಷದ ಮಗಳು ಸಮೀಕ್ಷಾ ಶಾಲೆಯಿಂದ ಬಂದು, ಬೀಗ ನೋಡಿ, ಎರಡೂವರೆ ಗಂಟೆ ಪಕ್ಕದವರ ಮೆಟ್ಟಿಲ ಮೇಲೆ ಅವರ ನಾಯಿಯ ಜೊತೆ ಕೂತಿದ್ದಳು. "ಅಮ್ಮಾ, ದಿಸ್ ಈಸ್ ಸೋ ನಾಟ್ ಓಕೆ" ಎಂದು ಮುಖ ಊದಿಸಿಕೊಂಡಿದ್ದಳು. ಬೇರೆಯವರ ಕಾರು ಕೇಳೋಣವೆಂದರೆ ಒಂದು ದಿನ ಕೇಳಬಹುದು, ಡಿಸೆಂಬರಿನವರೆಗೆ ಪ್ರತಿ ಸೋಮವಾರ ಯಾರ ಬಾಗಿಲಲ್ಲಿ ಹಲ್ಲು ಕಿರಿಯುವುದು?

ಸರಿ, ಐರ್ಲೆಂಡನ್ನು ತಾನೇ ಒಂದು ಮಾಡಬೇಕು ಎಂದುಕೊಂಡಳು ನೀಲಕ್ಕ. ಇಡೀ ದ್ವೀಪ ಬೇಡ. ಒಂದು ಕ್ಯಾಮ್ರಿಯಲ್ಲಿ ಹಿಡಿಸುವಷ್ಟು ಸಾಕು.

ಶನಿವಾರ ವಿಜಯದಶಮಿ. ನೀಲಕ್ಕನ ಕಡೆ ಅಂದು ಬನ್ನಿ ಮರದ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಕಿರಿಯರು ಹಿರಿಯರಿಗೆ ಕೊಟ್ಟು ಬಗ್ಗಿ ನಮಸ್ಕಾರ ಮಾಡಬೇಕು, "ಬನ್ನಿ ತಗೊಂಡು ಬಂಗಾರಧಂಗ ಇರೋಣು" ಎನ್ನಬೇಕು. ಶಹಾಪುರದಲ್ಲಿ ಅವಳ ಅಪ್ಪನಿಗೂ ಪಕ್ಕದ ಮನೆಯ ಪಾಂಡುರಂಗ ಕಾಕಾನಿಗೂ ವರ್ಷವಿಡೀ ಗಡಿ ಜಗಳ. ಕಾಕಾ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವವರು, ರಾಜ್ಯೋತ್ಸವದ ದಿನ ಮನೆ ಮೇಲೆ ಕರಿ ಬಾವುಟ ಹಾರಿಸುವವರು. ಒಂದು ವರ್ಷ ಊರಿನಲ್ಲಿ ಬಸ್ಸುಗಳಿಗೆ ಕಲ್ಲು ಬಿದ್ದು, ಎರಡೂ ಮನೆಯವರು ಬಾಗಿಲಿಗೆ ಅಗಳಿ ಹಾಕಿ, ನಡುವಿನ ಗೋಡೆಯಾಚೆಯ ಕೆಮ್ಮು ಕೇಳಿಸಿಕೊಳ್ಳುತ್ತ ವಾರ ಕಳೆದಿದ್ದರು. ಆದರೆ ದಸರೆಯ ಸಂಜೆ ಕಾಕಾ ಬಿಳಿ ಟೋಪಿ ಹಾಕಿಕೊಂಡು, ಅವರ ಕಡೆ ಬಂಗಾರವೆನ್ನುವ ಆಪ್ಟೆ ಎಲೆ ಹಿಡಿದುಕೊಂಡು ಬಂದೇಬಂದರು. ಅಪ್ಪ ಬನ್ನಿ ಕೊಟ್ಟ. ಯಾರೂ ತಪ್ಪಾಯಿತು ಎನ್ನಲಿಲ್ಲ. ಎಲೆ ಕೈಬದಲಾಯಿತು, ಚಹಾ ಬಂತು, ಚಹಾ ಮುಗಿಯುವ ಮೊದಲೇ ಯಾವ ಎಲೆ ನಿಜವಾದ ಬಂಗಾರ ಎಂಬ ಹೊಸ ಜಗಳ ಶುರುವಾಯಿತು.

ಕೇಟಿಯಲ್ಲಿ ಬನ್ನಿ ಎಲ್ಲಿಂದ ಬರಬೇಕು? ನೀಲಕ್ಕನ ಬಳಿ ಅದಕ್ಕೂ ಉತ್ತರವಿತ್ತು. ಟೆಕ್ಸಸ್ಸಿಗೆ ಬಂದ ಮೊದಲ ವರ್ಷ ಆಸ್ಟಿನ್ನಿಗೆ ಹೋಗುವಾಗ ರಸ್ತೆ ಬದಿಯ ಮೆಸ್ಕೀಟ್ ಮರ ನೋಡಿ "ನಿಲ್ಲಸ್ರೀ, ಬನ್ನಿ!" ಎಂದು ಕಾರು ನಿಲ್ಲಿಸಿದವಳು ಅವಳು. ಅದೇ ಸಣ್ಣ ಸಣ್ಣ ಎಲೆ, ಅದೇ ಮುಳ್ಳು. ಈಗ ಹಳೇ ಕೇಟಿಯ ಅಕ್ಕಿ ಗೋದಾಮಿನ ಹಿಂದೆ ಅಂಥದೇ ಒಂದು ಮರ ಗುರುತು ಮಾಡಿಟ್ಟಿದ್ದಳು.

"ನೀಲಾ, ಇದು ಬನ್ನಿ ಅಲ್ಲ," ಎಂದ ಮಹಾಂತಪ್ಪ ಪ್ರತಿವರ್ಷದಂತೆ. "ಇದು ನಮ್ಮ ಕಡೆ ಕೆರಿ ದಂಡಿಗೆ ಬೆಳೀತೈತಲ್ಲ, ಬಳ್ಳಾರಿ ಜಾಲಿ, ಅದರ ತಮ್ಮ."

"ಬನ್ನಿಗೂ ಅದು ತಮ್ಮನ ಆಗಬೇಕು. ಮನಿ ಜಗಳದಾಗ ಕೈ ಹಾಕಬ್ಯಾಡ್ರಿ."

ಅವಳು ಇಬ್ಬರಿಗೂ ಬೇರೆ ಬೇರೆ ಫೋನು ಮಾಡಿ, "ನೀ ಒಬ್ಬನ ಬಾರಪಾ, ಹಬ್ಬದ ಊಟ" ಎಂದು ಕರೆದಿದ್ದಳು, ಇಬ್ಬರಿಗೂ ಒಂದೇ ಹೊತ್ತು ಹೇಳಿದ್ದಳು. ಶನಿವಾರ ಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ಸಮೀಕ್ಷಾ ಬಾಗಿಲು ತೆಗೆದು ಒಳಗೆ ಓಡಿಬಂದಳು. "ಅಮ್ಮಾ, ಬೋತ್ ಆಫ್ ದೆಮ್ ಆರ್ ಹಿಯರ್ ಅಂಡ್ ದೇ ಆರ್ ಲುಕಿಂಗ್ ಅಟ್ ಡಿಫರೆಂಟ್ ಟ್ರೀಸ್."

"ವೈನಿ, ಇದು ಮೋಸ," ಎಂದ ಡೆಕ್ಲನ್ ಹೊಸ್ತಿಲಲ್ಲಿ.

"ಹೌದಪಾ, ಮೋಸ. ಒಳಗ ಬಾ, ಎಣ್ಣಿಗಾಯಿ ಆರ್ತೈತಿ."

ಊಟವಾಯಿತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊನೆಗೆ ಅವಳು ಎರಡು ದಿನ ಹಾಲು ಕಾಯಿಸಿ ಕಾಯಿಸಿ ಮಾಡಿದ ಬೆಳಗಾವಿ ಕುಂದಾ. ಐರ್ಲೆಂಡಿನ ಎರಡೂ ಭಾಗಗಳು ಒಂದಕ್ಕೊಂದು ಮಾತಾಡದೆ ನೀರು, ಉಪ್ಪು ಎಲ್ಲವನ್ನೂ ಮಹಾಂತಪ್ಪನ ಮೂಲಕವೇ ಕೇಳಿಕೊಂಡವು. ಅವನು ಟೆನ್ನಿಸ್ ನೋಡುವವನಂತೆ ಆ ಕಡೆ ಈ ಕಡೆ ಕತ್ತು ತಿರುಗಿಸಿ ತಿರುಗಿಸಿ ಅರ್ಧ ಹೊಟ್ಟೆಗೇ ಎದ್ದ.

ಆಮೇಲೆ ನೀಲಕ್ಕ ಇಬ್ಬರನ್ನೂ ದೇವರ ಗೂಡಿನ ಮುಂದೆ ನಿಲ್ಲಿಸಿ ಬನ್ನಿಯ ಪದ್ಧತಿ ವಿವರಿಸಿದಳು. ಸಣ್ಣವನು ದೊಡ್ಡವನಿಗೆ ಮೊದಲು ಕೊಡಬೇಕು, ಬಗ್ಗಬೇಕು, ಅಷ್ಟೇ. ಮಾತು ಬೇಡ.

"ಯಾರು ಸಣ್ಣಾಂವ?" ಎಂದ ಟ್ರೆವರ್, ಗೋಡೆಯನ್ನು ಕೇಳುವಂತೆ.

"ನಾ ಹುಟ್ಟಿದ್ದು ಐವತ್ತಾರನೇ ಇಸವಿ, ಫೆಬ್ರವರಿ," ಎಂದ ಡೆಕ್ಲನ್, ಅದೇ ಗೋಡೆಗೆ.

"ನಾ ಐವತ್ತೈದು, ನವೆಂಬರ್." ಟ್ರೆವರ್‌ನ ಮುಖ ಎರಡು ವಾರದಲ್ಲಿ ಮೊದಲ ಸಲ ಬೆಳಗಿತು.

"ಅಂದ್ರ ನಾ ಬಗ್ಗಬೇಕೇನು?" ಎಂದು ಡೆಕ್ಲನ್ ಸಿಡಿದ. "ಎಂಟುನೂರು ವರ್ಷ ಬಗ್ಗೀವಿ ವೈನಿ, ಸಾಕು ನಮಗ!"

"ಅವ ಬಗ್ಗದಿದ್ರ ನಾ ತಗೊಳ್ಳೂದಿಲ್ಲ!"

ನೀಲಕ್ಕನಿಗೆ ಒಳಗೊಳಗೇ ಗೆಲುವಾಯಿತು. ಎಷ್ಟೇ ಆಗಲಿ ಅವರು ಈಗ ಒಬ್ಬರ ಮುಖಕ್ಕೆ ಒಬ್ಬರು ಕೂಗುತ್ತಿದ್ದರು. ಅವಳು ತಟ್ಟೆಯಲ್ಲಿದ್ದದ್ದನ್ನು ಎತ್ತಿ ತೋರಿಸಿದಳು. ಇದ್ದದ್ದು ಒಂದೇ ಒಂದು ಕೊಂಬೆ. ಗೋದಾಮಿನ ಹಿಂದಿನ ಮರದಲ್ಲಿ ನೂರು ಕೊಂಬೆಗಳಿದ್ದವು, ಅವಳು ಬೇಕಂತಲೇ ಒಂದನ್ನೇ ಮುರಿದು ತಂದಿದ್ದಳು.

"ಯಾರೂ ಬಗ್ಗಬ್ಯಾಡ್ರಿ. ಒಂದ ಕೊಂಬಿ ಐತಿ. ಈಗ ಏನ್ ಮಾಡೋಣು ಹೇಳ್ರಿ."

"ನಡುವ ಮುರದು ಅರ್ಧ ಅರ್ಧ ಮಾಡ್ರಿ," ಎಂದ ಟ್ರೆವರ್ ತಟ್ಟನೆ.

"ಛೇ, ಮುರೀಬ್ಯಾಡ್ರಿ! ಇಡೀದ ಇರಲಿ," ಎಂದ ಡೆಕ್ಲನ್ ಇನ್ನೂ ತಟ್ಟನೆ.

ಇಬ್ಬರೂ ತಾವು ಏನು ಹೇಳಿದೆವು ಎಂದು ಕೇಳಿಸಿಕೊಂಡರು. ಮೊದಲು ಟ್ರೆವರ್‌ನ ಮೀಸೆ ಅಲುಗಿತು. ಆಮೇಲೆ ಡೆಕ್ಲನ್ "ಅಯ್ಯೋ ದೇವರೇ" ಎಂದು ಹೊಟ್ಟೆ ಹಿಡಿದುಕೊಂಡ. ನಗುತ್ತ ನಗುತ್ತ ಇಬ್ಬರೂ ಒಟ್ಟಿಗೇ ಕೊಂಬೆಗೆ ಕೈ ಹಾಕಿದರು, ಮುಳ್ಳು ಟ್ರೆವರ್‌ನ ಹೆಬ್ಬೆರಳಿಗೆ ನಾಟಿತು, ಅವನು ಚೀರಿದ, ನೀಲಕ್ಕ ಸಡಗರದಿಂದ ಡೆಟ್ಟಾಲು ಹತ್ತಿ ತಂದು, ಅದು ಯಾವ ಎಲುಬಿನ ಮೇಲಿನ ಗಾಯ ಎಂದು ಲ್ಯಾಟಿನ್ ಹೆಸರು ಸಮೇತ ವಿವರಿಸಿ ಪಟ್ಟಿ ಕಟ್ಟಿದಳು. ಕೊಂಬೆ ನೆಲಕ್ಕೆ ಬಿತ್ತು, ಅದನ್ನು ಯಾರೂ ಕೇಳಲಿಲ್ಲ. ಡೆಕ್ಲನ್ ತನ್ನ ಕುಂದಾದ ಬಟ್ಟಲನ್ನು ಟ್ರೆವರ್‌ನ ಕಡೆ ಸರಿಸಿದ. ಪಟ್ಟಿ ಕಟ್ಟಿದ ಬೆರಳಿನಲ್ಲಿ ಚಮಚ ಹಿಡಿಯಲಾಗದೆ ಅವನು ಎಡಗೈಯಲ್ಲಿ ತಿಂದ. "ನಿನ್ನ ಮಂದಿ" ಎಂಬ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾರೂ ಇನ್ನೊಮ್ಮೆ ಹೇಳಲೂ ಇಲ್ಲ.

ನೀಲಕ್ಕ ಬಿಸಿ ಆರುವ ಮೊದಲೇ ಕಬ್ಬಿಣ ಬಡಿದಳು.

"ಇನ್ನ ಮ್ಯಾಲ ಕಾರಿನ್ಯಾಗ ಒಂದು ಕಾನೂನು. ಲೇನಿನ ಒಳಗ, ಗೋಡಿ ನಡುವ, ಎಷ್ಟು ಬೇಕಾದ್ರೂ ಜಗಳಾಡ್ರಿ. ಗೋಡಿ ಮುಗಿದ ಮ್ಯಾಲ ಬಾಯಿ ಬಂದ್."

ಮಹಾಂತಪ್ಪನಿಗೆ ಇದು ತಲೆಕೆಳಗಾಗಿ ಕಂಡಿತು. "ಅಲ್ಲ, ಲೇನಿನ ಒಳಗ ಸುಮ್ಮನಿರ್ರಿ ಅನ್ನಬೇಕಿಲ್ಲೇನು?"

"ನಿಮಗ ತಿಳಿಯೂದಿಲ್ಲ. ಗೋಡಿ ನಡುವ ಯಾರೂ ಇಳದು ಹೋಗಲಿಕ್ಕಾಗೂದಿಲ್ಲ. ಗೋಡಿ ಮುಗಿದ ಮ್ಯಾಲ ಇಳೀತಾರ. ಅದಕ್ಕ ಜಗಳ ಅಲ್ಲಿ, ಮೌನ ಇಲ್ಲಿ."

ಐರ್ಲೆಂಡಿನವರು ಮುಖ ಮುಖ ನೋಡಿಕೊಂಡರು. ಅವರ ದೇಶಕ್ಕೆ ಬಂದುಹೋದ ಯಾವ ಸಂಧಾನಕಾರನಿಗೂ ಇಷ್ಟು ಹೊಳೆದಿರಲಿಲ್ಲ ಎಂದು ಡೆಕ್ಲನ್ ಹೇಳಿದ. ಟ್ರೆವರ್ ಅದನ್ನು ಅನುಮೋದಿಸಿದ, ಅನುಮೋದಿಸುವಾಗ ಒಂದು ತಿದ್ದುಪಡಿಯನ್ನೂ ಸೇರಿಸಿದ: ರಾಕೆಟ್ಟು, ಬಾಂಬು ಹಾರಿಸುವವರು ಇನ್ನು ಮೇಲೆ ಇಬ್ಬರ ಮಂದಿಯೂ ಅಲ್ಲ. ಡೆಕ್ಲನ್ "ಆತು" ಎಂದ.

ಸೋಮವಾರ ಬಂತು. ನೀಲಕ್ಕ ಐದೂವರೆಗೇ ಚೀಲ ಹೆಗಲಿಗೇರಿಸಿ ಡ್ರೈವ್‌ವೇಯಲ್ಲಿ ನಿಂತಳು. ಇಂದು ತಪ್ಪಿದರೆ ಹೆಸರು ಹೋಯಿತು. ಐದೂ ಮುಕ್ಕಾಲಾಯಿತು. ಆರಾಯಿತು. ಅವಳು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುತ್ತ ಎರಡೂ ದೇಶಗಳಿಗೆ ಬೈಗುಳ ಸಿದ್ಧಮಾಡಿಕೊಳ್ಳುತ್ತಿದ್ದಾಗ ಕ್ಯಾಮ್ರಿ ತಿರುವಿನಲ್ಲಿ ಕಾಣಿಸಿತು. ಕಾಣಿಸುವುದಕ್ಕಿಂತ ಮೊದಲು ಕೇಳಿಸಿತು. ಕಿಟಕಿಗಳೆಲ್ಲ ತೆರೆದಿದ್ದವು, ಒಳಗಿನಿಂದ ಎರಡು ದನಿಗಳು ಬೀದಿಗೆಲ್ಲ ಹರಿಯುತ್ತಿದ್ದವು. ಟ್ರೆವರ್ ತನ್ನ ಮುಂದಿನ ಸೀಟು ಬಿಟ್ಟು ಹಿಂದೆ ಡೆಕ್ಲನ್ನನ ಪಕ್ಕದಲ್ಲೇ ಕೂತಿದ್ದ, ಕತ್ತು ತಿರುಗಿಸಿ ಜಗಳಾಡಿದರೆ ಕತ್ತು ನೋಯುತ್ತದೆಂದು.

ಮಹಾಂತಪ್ಪ ಕಾರಿನಿಂದ ಜಿಗಿದು, ಕೀಲಿ ಅಲ್ಲೇ ಬಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ಮನೆಯೊಳಗೆ ಓಡಿದ. "ಗೋಡಿ ಮುಗದು ಅರ್ಧ ತಾಸಾತು, ಇವರದಿನ್ನೂ ಮುಗದಿಲ್ಲ!"

"ಇಳೀರಿ, ಇಳೀರಿ, ನಾ ಹೋಗಬೇಕು!" ಎಂದಳು ನೀಲಕ್ಕ.

"ಒಂದ ನಿಮಿಷ ವೈನಿ, ಇವಗ ಕಮಿಷನ್ ಯಾಕ ಮುಳುಗಿತು ಅಂತ ಹೇಳಿ ಇಳೀತೀನಿ," ಎಂದ ಡೆಕ್ಲನ್.

"ಇವ ಹೇಳೂದೆಲ್ಲ ಸುಳ್ಳು ವೈನಿ, ಅದನ್ನ ಕೇಳಿ ನಾ ಇಳೀತೀನಿ," ಎಂದ ಟ್ರೆವರ್.

ನೀಲಕ್ಕ ಗಡಿಯಾರ ನೋಡಿದಳು. ಡ್ರೈವರ್ ಸೀಟಿನಲ್ಲಿ ಕೂತಳು, ಸೀಟನ್ನು ಮುಂದಕ್ಕೆಳೆದುಕೊಂಡಳು, ರಿವರ್ಸ್ ಹಾಕಿ ಹೊರಟೇಬಿಟ್ಟಳು. ಎರಡನೇ ಸಿಗ್ನಲ್ಲಿನಲ್ಲಿ ಟ್ರೆವರ್ ಹೊರಗೆ ನೋಡಿ "ಎಲ್ಲಿಗೆ ಹೊಂಟೇವಿ?" ಎಂದ. "ಕಾಲೇಜಿಗೆ" ಎಂದಳು. "ಹೌದೇನು" ಎಂದು ಅವನು ಮತ್ತೆ ಡೆಕ್ಲನ್ನನ ಕಡೆ ತಿರುಗಿದ. ಅವಳು ಡ್ಯಾಶ್‌ಬೋರ್ಡಿನಿಂದ ಅವಲಕ್ಕಿ ಚೂಡಾದ ಡಬ್ಬಿ ತೆಗೆದು ಹಿಂದಕ್ಕೆ ಕೊಟ್ಟಳು, ಉಪವಾಸ ಜಗಳಾಡುವುದು ಬೇಡ ಎಂದು.

ಕ್ಲಾಸು ಶುರುವಾಗಲು ಎರಡು ನಿಮಿಷವಿದ್ದಾಗ ಅವಳು ಏದುಸಿರು ಬಿಡುತ್ತ ಮುಂದಿನ ಬೆಂಚಿನಲ್ಲಿ ಕೂತಳು. ಮೇಡಂ ಹೆಸರು ಕೂಗಿದಳು, ಅವಳು ಕೈ ಎತ್ತಿದಳು, ಎದೆ ತಣ್ಣಗಾಯಿತು. ಮೇಡಂ ಕಿಟಕಿಯ ಹತ್ತಿರ ಹೋಗಿ, ಪರದೆ ಸರಿಸಿ, ಕೆಳಗಿನ ಪಾರ್ಕಿಂಗನ್ನು ನೋಡುತ್ತ ಹುಬ್ಬು ಗಂಟಿಕ್ಕಿದಳು. ಇಬ್ಬರು ನಡುವಯಸ್ಸಿನ ಗಂಡಸರು ಒಂದು ಕಾರಿನ ಬಾನೆಟ್ಟಿನ ಮೇಲೆ ಕೂತು, ಒಬ್ಬರ ಮುಖದ ಮುಂದೆ ಒಬ್ಬರು ಬೆರಳಾಡಿಸುತ್ತ, ಒಂದೇ ಡಬ್ಬಿಯಿಂದ ಏನನ್ನೋ ತೆಗೆದು ತೆಗೆದು ತಿನ್ನುತ್ತ, ಕೂಗಾಡುತ್ತಿದ್ದರು.

"ಆ ಕಾರಿಂದ ಇಳದು ಬಂದಾಕಿ ನೀನ ಅಲ್ಲೇನು?" ಎಂದಳು ಮೇಡಂ. "ಯಾರವರು? ಸೆಕ್ಯೂರಿಟಿಯವರನ್ನ ಕರೀಲೇನು?"

"ಬ್ಯಾಡ್ರಿ ಮೇಡಂ," ಎಂದಳು ನೀಲಕ್ಕ, ಪುಸ್ತಕ ಬಿಚ್ಚುತ್ತ. "ಅವರಿಬ್ಬರೂ ಮೊನ್ನೆನ ರಾಜಿ ಆಗ್ಯಾರ."